ಉದ್ದಪ್ಪನ ತಾಟಿನಂಥ ಶವರ್

ಹುಕ್ಕೇರಿಯ ನನ್ನ ತವರುಮನೆಗೆ ಗಂಡಿನವರು ನನ್ನನ್ನು ನೋಡಲು ಬಂದ ದಿನವೇ ಉದ್ದಪ್ಪನ ಹೆಸರು ಕಿವಿಗೆ ಬಿತ್ತು. "ಹುಡುಗ ಚಲೋ ಅದಾನವ್ವಾ. ತಮ್ಮ ಅದಾನಲ್ಲಾ ಉದ್ದಪ್ಪ, ಅವಂದ ಜಂಬ ಭಾಳ," ಎಂದಳು ಸೋದರತ್ತೆ. ಆ ಹುಡುಗನನ್ನೇ ಮದುವೆಯಾಗಿ ಉದ್ದಪ್ಪನಿಗೆ ವೈನಿ, ಅಂದರೆ ಅತ್ತಿಗೆ, ಆದ ಮೇಲೆ ನೋಡಿದರೆ ಭಾಳ ಅಂದದ್ದು ಕಡಿಮೆಯೇ ಆಯಿತು. ಕಾಲು ಕಚ್ಚುವ ಬೂಟು ಹಾಕಿಕೊಂಡು ಮದುವೆಗಳಿಗೆ ಹೋಗಿ ಕುಂಟುತ್ತ ಬರುವವನು. ಹಳೆಯ ಲಾರಿ ಕೊಂಡಾಗ ಬ್ರೇಕಿಗಿಂತ ಮೊದಲು ಹಾರ್ನ್ ರಿಪೇರಿ ಮಾಡಿಸಿದ.

ಅವನ ಹೆಂಡತಿ ಶೋಭಾ ತೀರಿಕೊಂಡಿದ್ದರಿಂದ ಮಗಳು ದಾನೇಶ್ವರಿಯ ಚೊಚ್ಚಲ ಬಾಣಂತನ ನನ್ನ ಪಾಲಿಗೆ ಬಂತು. ಅವಳು ಬರುವುದರೊಳಗೆ ಉದ್ದಪ್ಪ ಯಮಕನಮರಡಿಯ ತನ್ನ ಮನೆಯ ಹಳೇ ಬಚ್ಚಲು ಒಡೆಸಿದ. ಶವರ್ ಆರಿಸಲು ನನ್ನನ್ನೂ ಸಂಕೇಶ್ವರದ ಅಂಗಡಿಗೆ ಕರೆದೊಯ್ದ. ಅಂಗಡಿಯವನು ಕೈಯಲ್ಲಿ ಹಿಡಿಯುವ, ಉದ್ದ ಪೈಪಿನ ಶವರ್ ತೋರಿಸಿದ.

"ಬಾಣಂತಿಗೆ ಇದ ಬೇಕ ನೋಡ ಉದ್ದಪ್ಪ. ಸೊಂಟಕ್ಕ, ಬೆನ್ನಿಗಿ ಬಿಸಿನೀರ ಬೀಳಬೇಕು. ದಿನಾ ನೆತ್ತಿ ತೋಯಬಾರ್ದು," ಎಂದೆ.

"ಅದು ಎಮ್ಮಿ ತೊಳಿಯೂ ಪೈಪ್ ವೈನಿ!" ಎಂದು ನಕ್ಕು, ನೆತ್ತಿಯ ಮೇಲೆ ಛತ್ತಿಗೆ ಹಾಕುವ, ಊಟದ ತಾಟಿನಷ್ಟು ಅಗಲದ್ದನ್ನು ಎತ್ತಿಕೊಂಡ.

"ನೀರಿನ ಟಾಕಿ ಎಷ್ಟ ಎತ್ತರ ಐತ್ರಿ? ಇದಕ್ಕ ನೀರು ಜೋರ ಬರಬೇಕ್ರಿ," ಎಂದ ಅಂಗಡಿಯವನು.

"ನೀ ಮಾರೂದಷ್ಟ ಮಾಡಪಾ."

ಗೋಡೆ ಚಂದ ಕಾಣಲೆಂದು ಕೆಳಗಿನ ನಳವನ್ನೂ ತೆಗೆಸಿಬಿಟ್ಟ ಪುಣ್ಯಾತ್ಮ.

ಕೂಸು ಹುಟ್ಟಿತು. ದಾನೇಶ್ವರಿ ಆ ತಾಟಿನ ಕೆಳಗೆ ಮೊದಲ ಜಳಕಕ್ಕೆ ಕುಳಿತಳು. ನೀರು ನೆಗಡಿಯಾದ ಮೂಗಿನಂತೆ ತೊಟ್ಟಿಕ್ಕಿತು. ಸೊಂಟ ಒಣಗಿಯೇ ಇತ್ತು, ತಲೆಯೆಲ್ಲ ಒದ್ದೆ.

"ದೊಡ್ಡವ್ವಾ, ಥಂಡಿ ಹತ್ತಾಕತ್ತೈತಿ," ಎಂದು ಹಲ್ಲು ಕಟಕಟಿಸಿದಳು. ಸಂಜೆಗೆ ಜ್ವರ ಬಂತು. ಆ ಪೈಪಿನದನ್ನು ತಂದು ಹಾಕಿಸು ಎಂದರೆ, "ಹೊಸಾ ಟೈಲ್ಸ್ ಒಡಿಬೇಕಾಗತೈತಿ ವೈನಿ," ಎಂದ.

"ಟೈಲ್ಸಿಗೆ ಕುಂಚಗಿ ಹೊಲಿಸಿ ತೊಟ್ಟಿಲದಾಗ ಹಾಕ್ಕೊಂಡ ತೂಗ!" ಎಂದು ಬೈದು, ತಾಯಿ-ಕೂಸು ಇಬ್ಬರನ್ನೂ ಬಾಜೂದ ನಮ್ಮ ಮನೆಗೆ ಕರೆತಂದೆ. ಜ್ವರ ಇಳಿದ ಮೇಲೆ ಹಂಡೆ ತುಂಬ ನೀರು ಕಾಯಿಸಿ, ಅವಳ ತಲೆಗೆ ಬಟ್ಟೆ ಬಿಗಿದು, ಸೊಂಟಕ್ಕೆ ತಂಬಿಗೆಯಿಂದ ಎರೆದೆ. ಹುಡುಗಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು.

ಬೀಗರು ಕೂಸು ನೋಡಲು ಬರುವ ದಿನ ಉದ್ದಪ್ಪ ನಮ್ಮ ಬಾಗಿಲಿಗೆ ಬಂದ. ಮಗಳು ಹೇಗಿದ್ದಾಳೆಂದು ಕೇಳಲು ಬಂದನೆಂದುಕೊಂಡೆ. ಒಳಗೆ ಇಣುಕಲೂ ಇಲ್ಲ. ಅಂದಿನಿಂದ ಅವನೊಡನೆ ನಾನು ಮಾತು ಬಿಟ್ಟಿದ್ದೇನೆ. ಹೊಸ್ತಿಲಲ್ಲೇ ನಿಂತು, ದನಿ ತಗ್ಗಿಸಿ ಅವನು ಕೇಳಿದ್ದು ಇಷ್ಟು:

"ವೈನಿ, ಬೀಗರು ಬಂದ್ರ, ದಾನೇಶ್ವರಿ ನಮ್ಮ ಹೊಸಾ ಶವರಿನಾಗ ಜಳಕಾ ಮಾಡ್ತಾಳಂತ ಹೇಳ್ರಿ."