ಶಾಜ್ಲಿಯ ದೋಣಿಗೆ ಇಂಜಿನ್ ಬಾರದ ಕಥೆ

“ನೋಡಕ್ಕಾ, ಇಂಜಿನ್ ದೋಣೀಲಿ ಕೂತವನಿಗೆ ಗಾಳಿ ಎತ್ತ ಬೀಸ್ತಿದೆ ಅಂತ್ಲೂ ಗೊತ್ತಾಗಲ್ಲ. ಹಗ್ಗ ಎಳೆಯೋದು, ಹೊಗೆ ಕುಡಿಯೋದು, ಅಷ್ಟೇ. ನಾನು ಬೆಳೆದಿದ್ದು ಹಾಯಿ ಕೆಳಗೆ. ಗಾಳಿ ಜೋರಾದ್ರೆ ಹಾಯಿ ಸುತ್ತಿ ಚಿಕ್ಕದು ಮಾಡ್ತೀನಿ, ಗಾಳಿ ಬಿದ್ರೆ ಕೂತು ಟೀ ಕುಡೀತೀನಿ. ನಾನು ಗಾಳಿ ಮಾತು ಕೇಳ್ತೀನಿ, ಹಾಯಿ ನನ್ ಮಾತು ಕೇಳುತ್ತೆ. ಮನೇಲಿ ಮಾತ್ರ ಯಾರೂ ಕೇಳಲ್ಲ. ಹಮ್ದೂನ ದಿನಕ್ಕೆ ಆರು ಸಲ ಜನರನ್ನ ದಾಟಿಸ್ತಾನೆ, ನೀನು ಎರಡು ಸಲ ದಾಟಿಸಿ ಮೂರನೇದಕ್ಕೆ ಗಾಳಿ ಕಾಯ್ತೀಯ ಅಂತಾಳೆ ನಿನ್ ತಂಗಿ. ಕಾಯೋದೂ ಒಂದು ಕೆಲಸಾನೇ ಅಲ್ವಾ?”

ಶಾಜ್ಲಿ ರಯ್ಯಿಸ್ ಹೀಗೆ ಹೇಳುವಾಗ ನಾನು ಅವರ ಜಗಲಿಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದೆ. ಅವನು ನನ್ನ ತಂಗಿ ದಹಬಾಳ ಗಂಡ. ದೋಣಿ ನಡೆಸುವವನನ್ನು ನಮ್ಮಲ್ಲಿ ರಯ್ಯಿಸ್ ಎನ್ನುತ್ತೇವೆ, ಅವನು ನಡೆಸದೆ ಕೂತಿದ್ದರೂ.

ಅಸ್ವಾನಿನ ಎದುರು ದಡದ ನಮ್ಮೂರಲ್ಲಿ ಮಂಗಳವಾರ ಸಂಜೆ, ಅಸರ್ ನಮಾಜು ಮುಗಿದ ಮೇಲೆ, ಹಾಯಿದೋಣಿಗಳ ಪಂದ್ಯ. ಬಹುಮಾನವಿಲ್ಲ, ಮುಂದಿನ ಮಂಗಳವಾರದವರೆಗೆ ಬಡಾಯಿ ಕೊಚ್ಚುವ ಹಕ್ಕು ಮಾತ್ರ. ಇಂಜಿನ್ ಇದ್ದವರು ಅದನ್ನು ಬಿಚ್ಚಿ ದಡದಲ್ಲಿಟ್ಟು ಬರಬೇಕು. ದೋಣಿಗೆ ಭಾರವೆಂದು ಕಲ್ಲಾಗಲಿ ಮೂಟೆಯಾಗಲಿ ಹಾಕುವಂತಿಲ್ಲ. ತಮ್ಮ ಕಾಲ ಮೇಲೆ ನಡೆದು ಹತ್ತಿದವರು ಎಷ್ಟು ಜನ ಬೇಕಾದರೂ ಕೂರಬಹುದು.

ಶಾಜ್ಲಿ ಎಂಟು ಮಂಗಳವಾರ ಸಾಲಾಗಿ ಕೊನೆಗೆ ಬಂದಿದ್ದ. ಒಂಬತ್ತನೆಯದರಲ್ಲೂ ಕೊನೆಗೆ ಬಂದರೆ ಇಂಜಿನ್ ಹಾಕಿಸಲೇಬೇಕು ಎಂದು ದಹಬಾ ಹಟ ಹಿಡಿದಳು. ಅವನು ಗಡ್ಡ ಮುಟ್ಟಿಕೊಂಡು ಒಪ್ಪಿದ.

ಆ ಒಂಬತ್ತನೆಯ ಮಂಗಳವಾರ ಬಡಗಣ ಗಾಳಿ ಖರ್ಜೂರದ ಗರಿಗಳನ್ನೆಲ್ಲ ಒಂದೇ ಕಡೆಗೆ ಬಾಚಿ ಹಿಡಿದಿತ್ತು. ಶಾಜ್ಲಿ ಬಹಳ ನಯವಾಗಿ ಹೆಂಡತಿಯನ್ನು ಕರೆದ. ನಾನು ಸೋಲುವುದನ್ನು ಕಣ್ಣಾರೆ ನೋಡು ಬಾ, ಅಕ್ಕಂದಿರನ್ನೂ ಕರೆದುಕೋ, ಟೀ ಕೆಟಲ್ ತಗೋ ಎಂದ. ದಹಬಾ, ನಾನು, ನಮ್ಮ ನಡುವಿನವಳು ಹೊಸ್ನಾ, ಮೂವರೂ ಹತ್ತಿದೆವು. ನಮ್ಮ ಮನೆತನದಲ್ಲಿ ತೆಳ್ಳಗಿನವರು ಯಾರೂ ಇಲ್ಲ. ದೋಣಿ ಒಂದು ಗೇಣು ಕೆಳಗಿಳಿಯಿತು. ಶಾಜ್ಲಿಯ ಮುಖ ಅರಳಿದ್ದನ್ನು ನಾನು ಗಮನಿಸಿದೆ, ಆದರೆ ಅರ್ಥವಾಗಲಿಲ್ಲ.

ಹೋಗುವಾಗ ಹೊಳೆಯ ಹರಿವಿನ ಜೊತೆಗೆ, ಗಾಳಿಯ ಎದುರಿಗೆ. ಈ ದಡದಿಂದ ಆ ದಡಕ್ಕೆ ಹಾವಿನಂತೆ ಹರಿದಾಡುತ್ತ ಒಂಟಿ ಬಂಡೆಯವರೆಗೆ ಹೋಗಿ, ಸುತ್ತಿ, ಗಾಳಿಯ ಬೆನ್ನೇರಿ ವಾಪಸ್ಸು ಬರಬೇಕು. ಏಳು ದೋಣಿಗಳಲ್ಲಿ ಆರು ಹಾಯಿ ಸುತ್ತಿ ಚಿಕ್ಕದು ಮಾಡಿಕೊಂಡಿದ್ದವು. ನಮ್ಮದೊಂದೇ ಪೂರಾ ಬಿಚ್ಚಿತ್ತು. ದೋಣಿ ವಾಲಿತು. ಗಾಳಿ ಬರುವ ಮಗ್ಗುಲಿಗೆ ಸರಿಯಿರಿ ಎಂದು ಅವನು ಕೇಳಿಕೊಂಡ. ದಹಬಾ ಜಗ್ಗಲಿಲ್ಲ. ನೀರಿಗೆ ಹತ್ತಿರ, ತಗ್ಗಿನ ಮಗ್ಗುಲಲ್ಲೇ ಕೂತು ಟೀ ಬಗ್ಗಿಸಿದಳು. ಅವಳು ಕದಲದೆ ನಾವು ಹೇಗೆ ಕದಲುವುದು? ದೋಣಿ ಏಡಿಯಂತೆ ಅಡ್ಡಕ್ಕೆ ಜಾರುತ್ತ ಕೊನೆಯದಾಯಿತು. ದಹಬಾ ಸಕ್ಕರೆ ಕಲಕುತ್ತ, ಇಂಜಿನ್ನಿಗೆ ಹಸಿರು ಬಣ್ಣ ಚೆನ್ನಾಗಿರುತ್ತದೆ ಎಂದಳು.

ಆಗ ನಮಗಿಂತ ಮುಂದಿದ್ದ ಹಮ್ದೂನ ಆಚೆ ದಡದಿಂದ ತಿರುಗಿ ಬರುತ್ತ ನಮ್ಮ ಪಕ್ಕದಲ್ಲೇ ದಾಟಿದ. ಅವನಿಗೆ ಸುಮ್ಮನೆ ದಾಟಿ ಹೋಗಿ ಗೊತ್ತಿಲ್ಲ.

“ಏನ್ ರಯ್ಯಿಸ್, ಕಲ್ಲು ಹಾಕಂಗಿಲ್ಲ ಅಂತ ಹೆಂಗಸರನ್ನ ತುಂಬ್ಕೊಂಡ್ಯಾ? ಮೂರು ಹಿಟ್ಟಿನ ಮೂಟೆ ಇದ್ರೂ ದೋಣಿ ನೆಟ್ಟಗೆ ನಿಲ್ತಿಲ್ವಲ್ಲೋ.”

ದಹಬಾ ಲೋಟ ಕೆಳಗಿಟ್ಟಳು.

“ನೂರಿ ಅಪ್ಪಾ, ಹೌದಾ? ಭಾರಕ್ಕೇನಾ ನಮ್ಮನ್ನ ಕರ್ಕೊಂಡ್ ಬಂದಿದ್ದು?”

ಮಗ ನೂರಿ ಹುಟ್ಟಿದ ದಿನದಿಂದ ಅವಳು ಗಂಡನನ್ನು ಹಾಗೆಯೇ ಕರೆಯುತ್ತಾಳೆ. ಶಾಜ್ಲಿ ಚುಕ್ಕಾಣಿಯನ್ನು ಮೊದಲ ಸಲ ನೋಡುವವನಂತೆ ನೋಡಿದ.

“ನಿನ್ನನ್ನ ಮನೇಲಿ ವಿಚಾರಿಸ್ಕೋತೀನಿ. ಮೊದಲು ಆ ಬಾಯಿ ಹರುಕನ್ನ ಹಿಡಿ.”

ಅವಳು ಎದ್ದು ಮೇಲಿನ ಮಗ್ಗುಲಿಗೆ ಹೋಗಿ ಕೂತಳು. ಹಿಂದೆಯೇ ಹೊಸ್ನಾ, ನಾನು. ದೋಣಿ ಬೆನ್ನು ನೆಟ್ಟಗೆ ಮಾಡಿಕೊಂಡು ನೀರು ಸೀಳಿತು. ತಿರುವು ಬಂದಾಗಲೆಲ್ಲ ಶಾಜ್ಲಿ ಬಾಯಿ ತೆರೆಯುವ ಮೊದಲೇ ದಹಬಾ ಏಳಿ ಎನ್ನುತ್ತಿದ್ದಳು. ಮೂವರೂ ಮಂಡಿ ಹಿಡಿದುಕೊಂಡು, ದೇವರನ್ನು ನೆನೆಯುತ್ತ ಆಚೆ ಮಗ್ಗುಲಿಗೆ. ಕೆಟಲ್ ಎರಡು ಸಲ ಉರುಳಿತು. ಬಂಡೆ ಸುತ್ತುವಾಗ ಹಮ್ದೂನ ನಮಗಿಂತ ನಾಲ್ಕು ದೋಣಿಯ ಉದ್ದದಷ್ಟು ಮಾತ್ರ ಮುಂದಿದ್ದ.

ವಾಪಸ್ಸಿನ ದಾರಿಯಲ್ಲಿ ಬೆನ್ನಿಗೆ ಗಾಳಿ, ಎದುರಿಗೆ ಹೊಳೆ. ಹಮ್ದೂನ ಜೋರು ಗಾಳಿಯ ಆಸೆಗೆ ನಡುಹೊಳೆ ಹಿಡಿದ. ಶಾಜ್ಲಿಯೂ ಅತ್ತಲೇ ತಿರುಗಿಸಿದ. ದಹಬಾ ಅವನ ತೋಳು ಹಿಡಿದಳು.

“ಅಲ್ಲೆಲ್ಲಿಗ್ ಹೋಗ್ತೀಯ? ದಡಕ್ಕೆ ಬಾ. ನಾನು ಪಾತ್ರೆ ತೊಳೆಯೋ ಕಲ್ಲಿನ ಹತ್ರ ನೀರು ಹರಿಯೋದೇ ಇಲ್ಲ. ನಲವತ್ತು ವರ್ಷದಲ್ಲಿ ಒಂದು ಚಮಚಾನೂ ತೇಲ್ಕೊಂಡ್ ಹೋಗಿಲ್ಲ.”

“ಕಲ್ಲಿಗೆ ತಾಗುತ್ತಲ್ಲೇ.”

“ಯಾವ ಕಲ್ಲು ಎಲ್ಲಿದೆ ಅಂತ ನನ್ ಕಾಲಿಗೆ ಗೊತ್ತು.”

ಅವಳು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ ತಿರುಗಿಸಿದ. ಒಂದು ಕಡೆ ಜೊಂಡು ನಮ್ಮ ಮುಖ ಸವರಿತು, ಇನ್ನೊಂದು ಕಡೆ ಯಾರದೋ ಮೇಕೆ ನೀರು ಕುಡಿಯುವುದನ್ನು ನಿಲ್ಲಿಸಿ ನೋಡಿತು. ನಡುಹೊಳೆಯಲ್ಲಿ ಹಮ್ದೂನನ ಹಾಯಿ ಉಬ್ಬಿ ಒಡೆಯುವಂತಿತ್ತು, ದೋಣಿ ಮಾತ್ರ ನಿಂತಲ್ಲೇ ನಿಂತಂತೆ ಕಾಣುತ್ತಿತ್ತು. ಘಟ್ಟದ ಮೆಟ್ಟಿಲನ್ನು ನಮ್ಮ ದೋಣಿಯ ಮೂತಿ ಮುಟ್ಟಿದಾಗ ಅವನದರ ಮೂತಿ ಒಂದು ಮೊಳ ಹಿಂದಿತ್ತು.

ಏಳು ದೋಣಿಗಳಲ್ಲಿ ನಾವು ಆರನೆಯವರು. ಊರು ಮೊದಲು ಬಂದವನನ್ನು ಬಿಟ್ಟು ನಮ್ಮನ್ನು ಸುತ್ತುವರಿಯಿತು. ಇವತ್ತು ಗಾಳಿ ಸರಿಯಿರಲಿಲ್ಲ ಎಂದು ಹಮ್ದೂನ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ದಹಬಾ ಅವನ ಮುಂದೆ ಹೋಗಿ, ಸೆರಗಿನಿಂದ ಹಿಟ್ಟು ಕೊಡವಿದಂತೆ ಕೊಡವಿ ಬಂದಳು.

ಇಂಜಿನ್ನಿನ ಮಾತು ಅಲ್ಲಿಗೆ ಮುಗಿಯಿತು. ಅವಳೇ ಮುಗಿಸಿದಳು: ಇಂಜಿನ್ ಇದ್ದರೆ ಗಂಡ ಒಬ್ಬನೇ ಹೋಗಿಬರುತ್ತಾನೆ, ಮುಂದಿನ ಮಂಗಳವಾರ ತಾನು ಐದನೆಯವಳಾಗಬೇಕು. ಅದನ್ನು ಕೇಳಿ ಶಾಜ್ಲಿ ನನ್ನ ಕಿವಿಯಲ್ಲಿ, ಇಂಜಿನ್ ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸುತ್ತದೆ ಎಂದ.

ಹಿಟ್ಟಿನ ಮೂಟೆಯ ಲೆಕ್ಕ ಮಾತ್ರ ಬಾಕಿಯಿತ್ತು. ಹೊತ್ತು ಮುಳುಗಿದ ಮೇಲಿನ ಮಗ್ರಿಬ್ ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿದ್ದಾಗ ನಾನು ಹೊಳೆಗೆ ಇಳಿದೆ. ಶಾಜ್ಲಿ ರಯ್ಯಿಸ್ ತನ್ನ ಉದ್ದನೆಯ ನಿಲುವಂಗಿ ಗಲಾಬಿಯಾವನ್ನು ಮೇಲೆತ್ತಿ ಕಟ್ಟಿಕೊಂಡು, ಆ ನಿಂತ ನೀರಿನ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಕೆಟಲ್ಲಿನ ತಳದ ಮಸಿಗೆ ಮರಳು ಹಾಕಿ ಉಜ್ಜುತ್ತಿದ್ದ. ಪಕ್ಕದಲ್ಲಿ ನಾಲ್ಕು ಲೋಟ ತೊಳೆದು ಮುಗಿದಿದ್ದವು. ಬೆಂಡೆಕಾಯಿ ಬೇಯಿಸಿದ ಮಡಕೆ ಇನ್ನೂ ಉಳಿದಿತ್ತು.