ಮಾವನ ಪೇಟಿ, ನನ್ನ ಕ್ಲಚ್ಚು

ಮಾಕಳಿದುರ್ಗದ ಹತ್ತಿರ ರೈಲ್ವೆ ಗೇಟು ಎತ್ತಿ ಆಗಿತ್ತು. ನನ್ನ ಕಾರು ಮಾತ್ರ ಮೂರನೇ ಸಲ ಆಫ್ ಆಯಿತು. ಹಿಂದಿನ ಲಾರಿಯವನು ಹಾರ್ನ್ ಒತ್ತಿಹಿಡಿದಿದ್ದ. ಕಾರು ಕಲಿತು ತಿಂಗಳೂ ಆಗದ ನಾನು ಮತ್ತೆ ಕೀ ತಿರುಗಿಸಿದೆ. ಪಕ್ಕದಲ್ಲಿ ನಮ್ಮ ಮಾವ. ಅವರು ಸ್ಟಿಯರಿಂಗ್ ಮುಟ್ಟಿದವರೇ ಅಲ್ಲ; ಸುತ್ತಲ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ ಮೇಷ್ಟ್ರು. ನನ್ನ ಪಾದಗಳನ್ನೇ ನೋಡುತ್ತಿದ್ದವರು ಮೆಲ್ಲಗೆ ಹೇಳಿದರು:

“ಕಾಲನ್ನ ದಢಕ್ಕಂತ ಯಾಕಮ್ಮ ಎತ್ತುತೀಯ? ಪೇಟಿ ತುಳಿಯೋ ಹಂಗೆ, ಒಂದು ಮೇಲೆ ಬರ್ತಾ ಬರ್ತಾ ಇನ್ನೊಂದು ಕೆಳಗೆ ಹೋಗ್ಬೇಕು. ನಡುವೆ ಗಾಳಿ ಕಡಿದ್ರೆ ಸ್ವರ ಸತ್ತೋಗ್ತದೆ.”

ಹಾಗೇ ಮಾಡಿದೆ. ಎಡಗಾಲು ಕ್ಲಚ್ಚಿನಿಂದ ನಿಧಾನಕ್ಕೆ ಎದ್ದಿತು, ಬಲಗಾಲು ಆಕ್ಸಿಲರೇಟರ್ ಮೇಲೆ ಇಳಿಯಿತು. ಕಾರು ಹಳಿ ದಾಟಿತು. ಮಾವ ಮಾತ್ರ ಮಂಡಿ ಸವರಿಕೊಳ್ಳುತ್ತಿದ್ದರು. ಆ ಮಂಡಿನೋವಿಗೇ ಅವರ ಪೇಟಿ ಎರಡು ವರ್ಷದಿಂದ ನಡುಮನೆಯಲ್ಲಿ ಬಟ್ಟೆ ಹೊದ್ದು ನಿಂತಿದೆ ಅನ್ನೋದು ನೆನಪಾಯಿತು.

ಅವತ್ತು ಸಂಜೆ ಪೇಟಿಗೆ ಹೊದಿಸಿದ್ದ ಬಟ್ಟೆ ತೆಗೆದು, ಬೆಂಚಿನ ಮೇಲೆ ಅವರ ಪಕ್ಕ ಕೂತೆ. ನಾನು ತುಳಿದೆ, ಅವರು ನುಡಿಸಿದರು. ಕೇಳುತ್ತಾ ಮೈಮರೆತು ನನ್ನ ಕಾಲು ನಿಂತಿತು, ಸ್ವರವೂ ನಿಂತಿತು. ಮಾವ ಜೋರಾಗಿ ನಕ್ಕರು: “ಇಲ್ಲೂ ಆಫ್ ಮಾಡ್ಬಿಟ್ಯಲ್ಲಮ್ಮಾ!”