ಮುರಿದು ನೋಡುವ ಸುಗುಣಾ ಮೇಡಂ

ಸುಗುಣಾ ಮೇಡಂ ಬರುತ್ತಾರೆಂದು ಗೊತ್ತಾದರೆ ನನ್ನ ಹೆಂಡತಿ ಮೊದಲು ಪಿಂಗಾಣಿ ಬಟ್ಟಲುಗಳನ್ನೆಲ್ಲ ಬೀರುವಿನೊಳಗಿಟ್ಟು ಬೀಗ ಹಾಕುತ್ತಿದ್ದಳು. ಮೇಡಂ ಕಳ್ಳಿಯಲ್ಲ. ಸರ್ಕಾರಿ ಪ್ರಯೋಗಾಲಯದಲ್ಲಿ ಲೋಹಗಳ ಮೇಲೆ ಸಂಶೋಧನೆ ಮಾಡಿ ನಿವೃತ್ತರಾದವರು, ಮಲ್ಲೇಶ್ವರದಲ್ಲಿ ಸ್ವಂತ ಮನೆಯಿದ್ದವರು. ಆದರೆ ಕೈಗೆ ಸಿಕ್ಕಿದ್ದನ್ನು ತಟ್ಟಬೇಕು, ಬಗ್ಗಿಸಬೇಕು, ಮನೆಯವರು ಆ ಕಡೆ ತಿರುಗಿದರೆ ಮುರಿದೇಬಿಡಬೇಕು. ನಮ್ಮ ಮನೆಯ ಸೌಟಿನ ಹಿಡಿ, ನನ್ನ ಕನ್ನಡಕದ ಕಡ್ಡಿ, ಮಗಳ ಬಾಚಣಿಗೆ ಎಲ್ಲವೂ ಹೀಗೆ ವಿಜ್ಞಾನಕ್ಕೆ ಬಲಿಯಾದವು. ಕ್ಷಮೆ ಕೇಳುವ ಅಭ್ಯಾಸ ಅವರಿಗಿರಲಿಲ್ಲ. “ಇವತ್ತಲ್ಲ ನಾಳೆ ಮುರಿಯೋದೇ ಕಣಮ್ಮಾ, ನಾನು ಮುಹೂರ್ತ ಇಟ್ಟೆ ಅಷ್ಟೆ” ಎಂದು ಕಾಫಿ ಹೀರುತ್ತಿದ್ದರು.

ನಾನು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂದು ದಿನ ಮೇಡಂ ಹೇಳದೆ ಕೇಳದೆ ನಮ್ಮ ಹೆಡ್‌ಮಾಸ್ತರರ ಕೋಣೆಗೆ ನುಗ್ಗಿ, “ಮಕ್ಕಳಿಗೆ ವಸ್ತುವಿಜ್ಞಾನ ಹೇಳ್ಕೊಡ್ತೀನಿ. ಕಬ್ಬಿಣ ಯಾಕೆ ಬಗ್ಗುತ್ತೆ, ಗಾಜು ಯಾಕೆ ಒಡೆಯುತ್ತೆ, ಅದು. ಸಂಬಳ ಬೇಡ” ಎಂದರು. ಬಿಟ್ಟಿಯಾಗಿ ಬರುವವರು ಒಂದೋ ವಿಮೆಯವರು, ಇಲ್ಲವೇ ಧ್ಯಾನ ಶಿಬಿರದವರು ಎಂಬುದು ಹೆಡ್‌ಮಾಸ್ತರರ ಅನುಭವ. ಅರ್ಧ ಗಂಟೆ ಅನುಮಾನಪಟ್ಟು, ಕೊನೆಗೆ ಒಂಬತ್ತನೇ ಕ್ಲಾಸನ್ನೂ ನನ್ನನ್ನೂ ಅವರ ವಶಕ್ಕೆ ಕೊಟ್ಟರು.

ಮೊದಲ ಪಾಠಕ್ಕೆ ಮೇಡಂ ತಂದದ್ದು ವಿಶ್ವೇಶ್ವರಪುರದ ಅಂಗಡಿಯ ಕಡಲೆಬೀಜದ ಚಿಕ್ಕಿ. “ತಿನ್ನಂಗಿಲ್ಲ. ಮೊದ್ಲು ಮುರೀರಿ. ಬಿರುಕು ಬೀಜ ಸೀಳ್ಕೊಂಡು ಹೋಯ್ತಾ, ಬೀಜದ ಪಕ್ಕ ಸುತ್ಕೊಂಡು ಹೋಯ್ತಾ, ನೋಡಿ ಹೇಳಿ.” ಪ್ರಶ್ನೆಪತ್ರಿಕೆ ಬಿಟ್ಟು ಬೇರೇನನ್ನೂ ಅಷ್ಟು ಹತ್ತಿರದಿಂದ ನೋಡಿರದ ನಮ್ಮ ಮಕ್ಕಳು ಚಿಕ್ಕಿ ಹಿಡಿದು ಕಿಟಕಿಯ ಬೆಳಕಿಗೆ ಮುಗಿಬಿದ್ದರು. “ವಿಮಾನದ ರೆಕ್ಕೇದೂ ಇದೇ ಕಥೆ ಕಣ್ರೋ. ಬೆಲ್ಲ ಬೇರೆ, ಬೀಜ ಬೇರೆ, ಅಷ್ಟೆ” ಎಂದರು ಮೇಡಂ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೂ ಅವತ್ತು ಚಿಕ್ಕಿ ಹೊಸದಾಗಿ ಕಂಡಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಊರೆಲ್ಲ ಹೊಗಳುತ್ತಿತ್ತು. ಆದರೆ ಆ ನಾಲಗೆಗೆ ಹಗ್ಗ ಕಟ್ಟುವವರು ಯಾರು? ಪೋಷಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ವಿನಯದಿಂದಲೇ ಕೇಳಿದರು: “ಮೇಡಂ, ಇದಕ್ಕೆ ಸಿಇಟೀಲಿ ಎಷ್ಟು ಮಾರ್ಕ್ಸ್ ಬರುತ್ತೆ?”

“ಸೊನ್ನೆ.”

“ಮತ್ಯಾಕೆ ಮೇಡಂ ಟೈಮ್ ವೇಸ್ಟು? ಕಂಪ್ಯೂಟರ್ ಸೈನ್ಸ್ ತಗೊಂಡ್ರೆ...”

“ಆ ಕಂಪ್ಯೂಟರನ್ನ ಏನ್ರೀ, ಚಪಾತಿ ಹಿಟ್ಟಲ್ಲಿ ಲಟ್ಟಿಸ್ತಾರಾ?”

ಮಕ್ಕಳು ನಕ್ಕರು, ಪೋಷಕರು ನಗಲಿಲ್ಲ. ಮೇಡಂ ಒಂದು ಮಗುವನ್ನು ಗೆದ್ದರೆ ಅದರ ಅಪ್ಪ, ಅಮ್ಮ, ಚಿಕ್ಕಪ್ಪ ಮೂವರನ್ನೂ ಕಳೆದುಕೊಳ್ಳುತ್ತಿದ್ದರು. ವಿಜ್ಞಾನ ಪ್ರಚಾರಕ್ಕೆ ಹೊರಟವರಿಗೆ ಇದು ತಕ್ಕ ವಿದ್ಯೆಯಲ್ಲವೆಂದು ಹೇಳಿ ನಾನೂ ಬೈಸಿಕೊಂಡೆ.

ಮರುವರ್ಷ ಅವರು ಒಂದು ಯಂತ್ರ ಮಾಡಿಸಿ ಆಟೋದಲ್ಲಿ ಹೇರಿಕೊಂಡು ಬಂದರು. ಎದುರುಬದುರಾಗಿ ಎರಡು ಕಬ್ಬಿಣದ ಇಕ್ಕಳ, ತಿರುಗಿಸಲು ಒಂದು ಹಿಡಿಕೆ, ಎಷ್ಟು ಬಲ ಬಿತ್ತೆಂದು ತೋರಿಸುವ ಮುಳ್ಳು. ತಂತಿ, ದಾರ, ಪ್ಲಾಸ್ಟಿಕ್ಕು ಯಾವುದನ್ನಾದರೂ ಸಿಕ್ಕಿಸಿ ಕಿತ್ತುಹೋಗುವವರೆಗೆ ಎಳೆಯಬಹುದು. “ಮಕ್ಕಳ ಕೈಲಿರ್ಬೇಕು ಮೇಷ್ಟ್ರೇ. ಕೆಟ್ರೆ ನಾನಿದೀನಿ” ಎಂದು ಒಂದೇ ಷರತ್ತು ಹಾಕಿದರು. ನಮ್ಮಲ್ಲಿ ಒಂದು ವಸ್ತು ಶಾಲೆಗೆ ಬಂದರೆ ಮೊದಲು ಸಮಾರಂಭವಾಗಬೇಕು. ಪ್ರಾರ್ಥನೆ, ದೀಪ, ಸ್ವಾಗತ ಎಲ್ಲ ಆಗಿ, ಸೈಟು ವ್ಯವಹಾರ ಮಾಡುವ ಆಡಳಿತ ಮಂಡಳಿಯ ಅಧ್ಯಕ್ಷರು ‘ಎರಡು ಮಾತು’ ಆಡಲು ನಿಂತವರು ಕೊನೆಯ ಬೆಲ್ಲಿನವರೆಗೂ ಕೂರಲಿಲ್ಲ. ಮೇಡಂ ತಲೆಗೆ ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ ಬಂತು. ಇವೆಲ್ಲದರ ಮೇಲೆ, ಅಧ್ಯಕ್ಷರ ಹೆಸರು ಕೆತ್ತಿಸಿದ ಸ್ಮರಣಿಕೆ. ಮೇಡಂ ಅದನ್ನು ಉಗುರಿನಿಂದ ತಟ್ಟಿ, ಮೈಕಿನ ಮುಂದೆ, “ಇದನ್ನ ಗಾಜು ಅಂದ್ಕೊಂಡ್ರಾ ಮಕ್ಳೇ? ಪ್ಲಾಸ್ಟಿಕ್ಕು. ಹೇಗೆ ಮುರಿಯುತ್ತೆ ನೋಡಿ” ಎಂದವರೇ ಮೇಜಿನ ಅಂಚಿಗೆ ಕುಕ್ಕಿದರು. ಬಿರುಕು ಅಧ್ಯಕ್ಷರ ಹೆಸರಿನ ನಡುವೆಯೇ ಹಾದುಹೋಯಿತು. ಅಂಥ ಚಪ್ಪಾಳೆ ನಮ್ಮ ಶಾಲೆಯಲ್ಲಿ ಅದಕ್ಕೆ ಮೊದಲೂ ಬಿದ್ದಿಲ್ಲ, ಆಮೇಲೂ ಬಿದ್ದಿಲ್ಲ.

ಮರುದಿನವೇ ಯಂತ್ರ ಹೆಡ್‌ಮಾಸ್ತರರ ಕೋಣೆಯ ಗಾಜಿನ ಬೀರು ಸೇರಿತು. ಬೀಗದ ಕೈ ಅಧ್ಯಕ್ಷರ ಜೇಬು ಸೇರಿತು. ಆಯುಧಪೂಜೆಯಲ್ಲಿ ಬೀರುವಿನೊಳಗೇ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಮಂಗಳಾರತಿ ಎತ್ತಿದರು. ನಾನು ಮೆಲ್ಲಗೆ ಮಕ್ಕಳ ಮಾತೆತ್ತಿದರೆ ಅಧ್ಯಕ್ಷರು, “ಪೂಜೆ ಮಾಡಿರೋ ವಸ್ತು ಮೇಷ್ಟ್ರೇ, ಹಂಗೆಲ್ಲ ಹುಡುಗ್ರ ಕೈಗೆ ಕೊಡಕ್ಕಾಗುತ್ತಾ?” ಎಂದು ನನ್ನನ್ನೇ ಕೇಳಿದರು. ಒಂದು ವಸ್ತು ಯಾರ ಉಪಯೋಗಕ್ಕೂ ಬಾರದಂತೆ ಮಾಡಲು ನಮ್ಮ ಕಡೆ ಬೀಗವೇ ಬೇಕಿಲ್ಲ, ಕುಂಕುಮ ಸಾಕು.

ಮೇಡಂ ಸಿಕ್ಕಾಗಲೆಲ್ಲ ಕೇಳುತ್ತಿದ್ದರು: “ಬೀರು ತೆಗೆಸಿದ್ರಾ?”

“ಮಾತಾಡ್ತಿದೀನಿ ಮೇಡಂ.”

“ಮಾತಿಗೆ ಕಡ್ಡಿನೂ ಮುರಿಯಲ್ಲ ಕಣ್ರೀ.”

ಕಳೆದ ಮಳೆಗಾಲದಲ್ಲಿ ಮೇಡಂ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆಯನ್ನೇ ಮುರಿದುಕೊಂಡರು. ಊರಿನ ವಸ್ತುಗಳೆಲ್ಲ ಸೇರಿ ಸೇಡು ತೀರಿಸಿಕೊಂಡವು ಎಂದಳು ನನ್ನ ಹೆಂಡತಿ, ಎಂದವಳೇ ಕಣ್ಣೊರೆಸಿಕೊಂಡಳು. ಒಂಬತ್ತನೇ ಕ್ಲಾಸಿನ ಪವಿತ್ರಾ ಎಂಬ ಹುಡುಗಿ ನೋಡಲೇಬೇಕೆಂದು ಹಟ ಹಿಡಿದದ್ದರಿಂದ ಅವಳನ್ನೂ ಕರೆದುಕೊಂಡು ಮಲ್ಲೇಶ್ವರಕ್ಕೆ ಹೋದೆ. ಮೇಡಂ ಮಲಗಿದಲ್ಲಿಂದಲೇ ಎಕ್ಸ್‌ರೇಯನ್ನು ಕಿಟಕಿಗೆ ಎತ್ತಿ ಹಿಡಿದರು.

“ನೋವಾಗುತ್ತಾ ಮೇಡಂ?” ಎಂದಳು ಪವಿತ್ರಾ.

“ಪ್ರಾಣ ಹೋಗುತ್ತೆ. ಅದಿರಲಿ, ಬಿರುಕು ಎಲ್ಲಿ ಶುರುವಾಗಿದೆ ಹೇಳು.”

ಹುಡುಗಿ ಒಂದು ಕಡೆ ಬೆರಳಿಟ್ಟಳು. “ತಪ್ಪು. ಇನ್ನೊಂದ್ಸಲ ನೋಡು.” ಮೂರು ಸಲ ತಪ್ಪಾಯಿತು. ನಾಲ್ಕನೆಯ ಸಲ ಬೆರಳು ಸರಿಯಾದ ಜಾಗಕ್ಕೆ ಬಿದ್ದಾಗ ಮೇಡಂ ಅವಳ ಕೈ ಹಿಡಿದುಕೊಂಡರು. ನಾವು ಹೊರಡುವಾಗ ನನ್ನನ್ನು ಹತ್ತಿರ ಕರೆದು, “ಈ ಹುಡುಗಿ ಕೈಗೆ ಆ ಮಷೀನು ಸಿಗ್ಬೇಕು ಮೇಷ್ಟ್ರೇ. ಹೇಗಾದ್ರೂ ಮಾಡಿ” ಎಂದರು. ಬೈಗುಳವಿಲ್ಲದೆ ಅವರು ನನ್ನೊಡನೆ ಆಡಿದ ಮಾತು ಅದೊಂದೇ. ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು.

ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಯಂತ್ರ ಮೊದಲ ಬಾರಿಗೆ ಬೀರುವಿನಿಂದ ಹೊರಗೆ ಬಂದು ಮೇಡಂ ಫೋಟೋದ ಪಕ್ಕ ಕೂತಿತು. ಎರಡಕ್ಕೂ ಒಂದೊಂದು ಸೇವಂತಿಗೆ ಹಾರ. “ಮೇಡಂ ಒಪ್ಪಿಸಿದ ಆಸ್ತೀನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದೀವಿ. ಇವತ್ತಿಗೂ ಅದ್ರ ಮೇಲೆ ಒಂದು ಗೀರು ಬಿದ್ದಿಲ್ಲ!” ಎಂದು ಅಧ್ಯಕ್ಷರು ಎದೆ ತಟ್ಟಿಕೊಂಡರು. ಆಮೇಲೆ ಎಲ್ಲರೂ ಎದ್ದು ನಿಂತು ಮೌನಕ್ಕಾಗಿ ಕಣ್ಣು ಮುಚ್ಚಿದೆವು.

ಕಿರ್ ಎಂಬ ಸದ್ದಾಯಿತು. ಒಂದು ಕಣ್ಣು ತೆರೆದೆ. ಹೂವಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಪವಿತ್ರಾ ತಟ್ಟೆ ಕೆಳಗಿಟ್ಟು, ಯಂತ್ರದ ಹಾರವನ್ನೇ ಅದರ ಎರಡು ಇಕ್ಕಳಗಳಿಗೆ ಸಿಕ್ಕಿಸಿ ಹಿಡಿಕೆ ತಿರುಗಿಸುತ್ತಿದ್ದಳು. ತೆರೆದ ಕಣ್ಣನ್ನು ಭದ್ರವಾಗಿ ಮುಚ್ಚಿಕೊಂಡೆ. ಟಪ್ ಎಂದಿತು. ಸೇವಂತಿಗೆಗಳು ವೇದಿಕೆಯ ತುಂಬ ಉರುಳಿದವು.

“ಏನಮ್ಮಾ ಮಾಡ್ದೆ?” ಎಂದು ಅಧ್ಯಕ್ಷರು ಕೂಗಿದರು.

ಹುಡುಗಿ ಅವರತ್ತ ನೋಡಲೇ ಇಲ್ಲ. ಕಿತ್ತ ತುದಿಗಳೆರಡನ್ನೂ ಬೆಳಕಿಗೆ ಹಿಡಿದು, “ಬಾಳೆನಾರು ಮಧ್ಯದಲ್ಲಿ ಕಿತ್ತಿಲ್ಲ. ಗಂಟಿನ ಹತ್ರ ಕಿತ್ತಿದೆ. ಅಲ್ಲೇ ಶುರುವಾಗಿದೆ” ಎಂದಳು. ಹೇಳಿ, ಫೋಟೋದತ್ತ ತಿರುಗಿ ಕಾದಳು. ತಪ್ಪೋ ಸರಿಯೋ ಹೇಳುವವರು ಇನ್ನು ಇಲ್ಲವೆಂದು ಅವಳಿಗೂ ನನಗೂ ಹೊಳೆದದ್ದು ಆಗಲೇ.